ಯಾಕುಜಾ ಸಿನಿಮಾ ಎಲ್ಲಿಂದ ಶುರು ಮಾಡಬೇಕು? (ಅಪ್ಪನೂ ಜೊತೆಗೆ ಕೂರುತ್ತಾರೆ)

ಕೊನೆಯ ಬೆಂಚು
ಯಾಕುಜಾ, ಅಂದರೆ ಜಪಾನಿನ ಸಂಘಟಿತ ರೌಡಿಗಳ ಸಿನಿಮಾ ನೋಡು ಎಂದು ಗೆಳೆಯನೊಬ್ಬ ವರ್ಷದಿಂದ ತಲೆ ತಿನ್ನುತ್ತಿದ್ದ. ಅವನ ಕಾಟ ತಾಳಲಾರದೆ ಕಳೆದ ಶನಿವಾರ ರಾತ್ರಿ ತಕೇಶಿ ಕಿಟಾನೋ ಅವರ ‘ಔಟ್‌ರೇಜ್’ (2010) ಹಾಕಿದೆ. ನಿದ್ದೆ ಬಾರದ ಅಪ್ಪನೂ ಬಂದು ಕುರ್ಚಿ ಎಳೆದುಕೊಂಡರು. ಕಪ್ಪು ಕಾರು, ಕಪ್ಪು ಸೂಟು, ಕೋಣೆಯಿಂದ ಕೋಣೆಗೆ ಕೂಗಾಟ. ಅರ್ಧ ಗಂಟೆಯೊಳಗೆ ಯಾರು ಯಾರ ಕಡೆಯವರೆಂಬುದು ನನ್ನ ಕೈತಪ್ಪಿತು. ‘ಇವನು ಅವನ ಕೈಕೆಳಗಿನವನಲ್ಲವೇ? ಮತ್ತೆ ಅವನಿಗೇ ಏಕೆ ಹೊಡೆದ?’ ಎಂದು ಅಪ್ಪ ಕೇಳುತ್ತಲೇ ಇದ್ದರು. ಅಷ್ಟರಲ್ಲಿ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಮಲಗಿದ ಒಬ್ಬ ಯಜಮಾನನ ಬಾಯಿಗೆ ಕೊರೆಯುವ ಯಂತ್ರ ತುರುಕುವ ದೃಶ್ಯ ಬಂತು. ಅಪ್ಪನಿಗೆ ಸೋಮವಾರ ದವಡೆ ಹಲ್ಲು ತೋರಿಸಲು ಹೋಗುವುದಿತ್ತು. ಎದ್ದು ಮಲಗಲು ಹೋದರು. ಸೋಮವಾರ ಹಲ್ಲು ತೋರಿಸಲೂ ಹೋಗಲಿಲ್ಲ.

ಆದರೂ ಬಿಡುವ ಮನಸ್ಸಿಲ್ಲ. ಈ ಜಾತಿಯ ಸಿನಿಮಾಗಳಲ್ಲಿ ಏನೋ ಇದೆ, ನಾನು ತಪ್ಪು ಬಾಗಿಲಿನಿಂದ ಒಳಗೆ ಹೋದೆ ಅನಿಸುತ್ತಿದೆ. ಎಲ್ಲಿಂದ ಶುರು ಮಾಡಲಿ? ಅಪ್ಪನಿಗೆ 71. ಸಹಕಾರ ಸಂಘವೊಂದರಲ್ಲಿ ಕಾರ್ಯದರ್ಶಿಯಾಗಿ ನಿವೃತ್ತರಾದವರು. ರಕ್ತಕ್ಕೆ ಹೆದರುವುದಿಲ್ಲ, ಹಲ್ಲಿಗೆ ಹೆದರುತ್ತಾರೆ.

ರೀಲು ಡಬ್ಬಿ
ನೀವು ಪುಸ್ತಕದ ಕೊನೆಯ ಅಧ್ಯಾಯದಿಂದ ಓದಲು ಹೊರಟಿದ್ದೀರಿ. ‘ಔಟ್‌ರೇಜ್’ ಅರ್ಥವಾಗಬೇಕಾದರೆ ಅದಕ್ಕೆ ಮೊದಲು ಅರವತ್ತು ವರ್ಷ ಜಪಾನಿನವರು ಈ ರೌಡಿಗಳ ಬಗ್ಗೆ ಹೇಳಿಕೊಂಡು ಬಂದ ಸುಳ್ಳು ಗೊತ್ತಿರಬೇಕು.

ನೇರವಾಗಿ 1973ಕ್ಕೆ ಹೋಗಿ. ಕಿಂಜಿ ಫುಕಾಸಾಕು ಅವರ ‘ಬ್ಯಾಟಲ್ಸ್ ವಿತೌಟ್ ಆನರ್ ಅಂಡ್ ಹ್ಯುಮ್ಯಾನಿಟಿ’. ಜಪಾನಿ ಹೆಸರು ‘ಜಿಂಗಿ ನಾಕಿ ತತಕಾಯ್’. ಜಿಂಗಿ ಎಂದರೆ ಈ ಲೋಕದವರು ಹೇಳಿಕೊಳ್ಳುವ ನೀತಿ ನಿಯತ್ತು, ಅದಿಲ್ಲದ ಕಾಳಗ. ಮೊದಲ ದೃಶ್ಯವೇ ಅಣುಬಾಂಬಿನ ಹೊಗೆಯಣಬೆ. ಅಲ್ಲಿಂದ ಹಿರೋಷಿಮಾದ ಪಕ್ಕದ ಬಂದರು ಪಟ್ಟಣ ಕುರೆ. 1946ರ ಕಳ್ಳಸಂತೆ, ಯುದ್ಧದಿಂದ ಮರಳಿದ ಹಸಿದ ಸೈನಿಕರು. ಕ್ಯಾಮೆರಾವನ್ನು ಕೈಯಲ್ಲಿ ಹಿಡಿದು ಓಡುತ್ತಾರೆ, ನೀವೂ ಆ ಗದ್ದಲದಲ್ಲಿ ಸಿಕ್ಕಿಬಿದ್ದಂತೆ. ಒಬ್ಬೊಬ್ಬ ಸತ್ತಾಗಲೂ ಚಿತ್ರ ನಿಂತುಬಿಡುತ್ತದೆ. ಹೆಸರು, ಸತ್ತ ದಿನ ಪರದೆಯ ಮೇಲೆ ಬೀಳುತ್ತದೆ, ಠಾಣೆಯ ಕಡತದಂತೆ. ಅದರ ಜೊತೆಗೆ ತೊಶಿಯಾಕಿ ತ್ಸುಶಿಮಾ ಅವರ ಕಹಳೆ.

ಕಥೆ ಕಟ್ಟಿದ್ದಲ್ಲ. ಕೋಜೋ ಮಿನೋ ಎಂಬ ಯಾಕುಜಾ ಜೈಲಿನಲ್ಲಿ ಕುಳಿತು ಬರೆದ ನೆನಪುಗಳನ್ನು ಆಧರಿಸಿ ಪತ್ರಕರ್ತ ಕೋಇಚಿ ಈಬೋಶಿ ಬರೆದ ಲೇಖನಮಾಲೆಯೇ ಮೂಲ. ಬುಂತಾ ಸುಗವಾರಾ ಮಾಡಿದ ಶೋಜೋ ಹಿರೋನೋ ಪಾತ್ರ ಆ ಮಿನೋ. 1973 ಮತ್ತು 74, ಎರಡೇ ವರ್ಷದಲ್ಲಿ ಐದು ಭಾಗ. ಐದನ್ನೂ ಕಝುವೋ ಕಾಸಾಹಾರಾ ಬರೆದರು.

ಅರ್ಧ ಟಿಕೆಟ್
ಆ ಹಲ್ಲಿನ ವೈದ್ಯರಿಗಾದ ನಷ್ಟವನ್ನು ಕಿಟಾನೋ ಅವರಿಂದ ವಸೂಲು ಮಾಡಬೇಕು.

ಹಳೇ ಟಾಕೀಸು
ರೀಲು ಡಬ್ಬಿಯವರೇ, ಒಂದು ತಿದ್ದುಪಡಿ ಮತ್ತು ಒಂದು ಜಗಳ.

ತಿದ್ದುಪಡಿ: ಕಾಸಾಹಾರಾ ಬರೆದದ್ದು ನಾಲ್ಕು ಭಾಗ. ಐದನೆಯದು ಕೋಜಿ ತಕಾಡಾ ಅವರದು.

ಜಗಳ: 71ರ ಹಿರಿಯರಿಗೆ ಮೊದಲ ಸಲಕ್ಕೇ ಅಷ್ಟು ಗಲಾಟೆಯ ಚಿತ್ರ ತೋರಿಸುವುದೇ? ಫುಕಾಸಾಕು ಒಡೆದದ್ದು ಯಾವ ಮನೆಯನ್ನು ಎಂದು ತಿಳಿಯದೆ ಒಡೆಯುವ ಸದ್ದು ಕೇಳಿ ಏನು ಪ್ರಯೋಜನ? 1963ರಿಂದ ಸುಮಾರು ಹತ್ತು ವರ್ಷ ತೋಯೇ ಸಿನಿಮಾ ಕಂಪನಿ ತೆಗೆದದ್ದು ‘ನಿಂಕ್ಯೋ’ ಚಿತ್ರಗಳನ್ನು. ಧರ್ಮಿಷ್ಠ ರೌಡಿಯ ಕಥೆಗಳೆನ್ನಿ. ಕಿಮೋನೋ ಉಟ್ಟ ಹಳೇ ಕಾಲದ ಜೂಜುಗಾರ ಸಜ್ಜನ. ಸೂಟು ಹಾಕಿ ಗುತ್ತಿಗೆ ಹಿಡಿಯುವ ಹೊಸ ಗುಂಪಿನವನು ನೀಚ. ನಾಯಕ ಸಹಿಸುತ್ತಾನೆ, ಸಹಿಸುತ್ತಾನೆ, ಇನ್ನೂ ಸಹಿಸುತ್ತಾನೆ. ಕೊನೆಯ ರೀಲಿನಲ್ಲಿ ಬಿಳಿ ಮರದ ಒರೆಯ ಕತ್ತಿ ಹಿಡಿದು ರಾತ್ರಿಯ ಬೀದಿಯಲ್ಲಿ ಒಬ್ಬನೇ ನಡೆದು ಹೋಗುತ್ತಾನೆ. ದಾರಿಯಲ್ಲಿ ಇನ್ನೊಬ್ಬ ಮಾತಿಲ್ಲದೆ ಜೊತೆಗೂಡುತ್ತಾನೆ. ಕೆನ್ ತಕಾಕುರಾ ಮತ್ತು ರ್ಯೋ ಇಕೆಬೆ ‘ಶೋವಾ ಝಂಕ್ಯೋದೆನ್’ ಸರಣಿಯಲ್ಲಿ ಆ ನಡಿಗೆ ನಡೆದದ್ದನ್ನು ನೋಡದವರು ಯಾಕುಜಾ ಸಿನಿಮಾ ನೋಡಿದ್ದೇನೆ ಎನ್ನಬಾರದು.

ಇದನ್ನು ನೋಡಿ ಮರುಳಾದವರು ಹಳ್ಳಿಗಾಡಿನ ಮುಗ್ಧರಷ್ಟೇ ಅಲ್ಲ. 1968ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಉತ್ಸವಕ್ಕೆ ಒಸಾಮು ಹಾಶಿಮೋತೋ ಬರೆದ ಭಿತ್ತಿಪತ್ರದಲ್ಲಿದ್ದದ್ದು ಬೆನ್ನ ತುಂಬ ಹಚ್ಚೆಯ ಯಾಕುಜಾ. ಹಚ್ಚೆಯಲ್ಲಿದ್ದದ್ದು ಆ ವಿಶ್ವವಿದ್ಯಾಲಯದ ಲಾಂಛನವಾದ ಗಿಂಕ್ಗೊ ಎಲೆ. ‘ನನ್ನನ್ನು ತಡೆಯಬೇಡ ಅಮ್ಮಾ’ ಎಂಬ ಧಾಟಿಯ ಒಕ್ಕಣೆ. ಬೆಳಗ್ಗೆ ಪೊಲೀಸರ ಮೇಲೆ ಕಲ್ಲು ತೂರಿದ ಹುಡುಗರು ರಾತ್ರಿ ಇದೇ ಚಿತ್ರಗಳಿಗೆ ಕಿಕ್ಕಿರಿಯುತ್ತಿದ್ದರು.

ಅಪ್ಪನಿಗೆ ತೇರುವೋ ಇಶಿಯಿ ಅವರ ‘ಅಬಾಶಿರಿ ಪ್ರಿಸನ್’ (1965) ತೋರಿಸಿ. ಹೊಕ್ಕಾಯ್ಡೋದ ಹಿಮ, ಒಂದೇ ಬೇಡಿಯಲ್ಲಿ ಸಿಕ್ಕಿಕೊಂಡು ತಪ್ಪಿಸಿಕೊಳ್ಳುವ ಇಬ್ಬರು ಕೈದಿಗಳು, ಕಪ್ಪು ಬಿಳುಪು. ತಕಾಕುರಾ ಅವರನ್ನು ದೊಡ್ಡ ತಾರೆ ಮಾಡಿದ ಚಿತ್ರ. ಅದರ ಹಿಂದೆ ಹದಿನೇಳು ಮರಿಗಳು ಹುಟ್ಟಿದವು.

ರೀಲು ಡಬ್ಬಿ
ನಾಲ್ಕೇ. ಒಪ್ಪಿದೆ, ತಪ್ಪು ನನ್ನದು.

ಆದರೆ ಟಾಕೀಸು ಸರ್, ನೀವು ಹೇಳುವ ಆ ಸಜ್ಜನ ಜೂಜುಗಾರ ಯಾವ ಊರಲ್ಲಿದ್ದ? ಸಾಲ ಕೊಟ್ಟು ಬಡ್ಡಿಗೆ ಮನೆ ಕಿತ್ತುಕೊಂಡವರು, ಬಂದರಿನ ಕೂಲಿಗಳ ಸಂಬಳಕ್ಕೆ ಕತ್ತರಿ ಹಾಕಿದವರು ಪರದೆಗೆ ಬಂದ ಕೂಡಲೇ ಧರ್ಮರಾಯರಾದರೆ? ಯಾಕುಜಾ ಎಂಬ ಪದವೇ ನಿಮ್ಮ ವಾದಕ್ಕೆ ಉತ್ತರ. ಹಳೆಯ ಇಸ್ಪೀಟಿನಾಟದಲ್ಲಿ ಎಂಟು, ಒಂಬತ್ತು, ಮೂರು ಬಂದರೆ ಮೊತ್ತ ಇಪ್ಪತ್ತು. ಕೊನೆಯ ಅಂಕಿಯಷ್ಟೇ ಲೆಕ್ಕ, ಅಂದರೆ ಸೊನ್ನೆ. ಯಾ, ಕು, ಜಾ. ಕೆಲಸಕ್ಕೆ ಬಾರದವನು ಎಂದು ಅವರೇ ಇಟ್ಟುಕೊಂಡ ಹೆಸರು.

ತುಂತುರು
ಇಬ್ಬರೂ ಗಂಡಸರ ಬೀದಿಯಲ್ಲೇ ನಡೆಯುತ್ತಿದ್ದೀರಿ. ಫುಕಾಸಾಕು ಚಿತ್ರಗಳಲ್ಲಿ ಹೆಣ್ಣಿಗಿರುವ ಜಾಗ ನೋಡಿದ್ದೀರಾ? ಅವರ ‘ಸ್ಟ್ರೀಟ್ ಮಾಬ್‌ಸ್ಟರ್’ (1972) ಹಾಕಿ ನಾನು ಮಧ್ಯದಲ್ಲೇ ನಿಲ್ಲಿಸಿದೆ. ‘ವಾಸ್ತವ ಹಾಗಿತ್ತು’ ಎಂದು ದಯವಿಟ್ಟು ಯಾರೂ ಬರೆಯಬೇಡಿ. ವಾಸ್ತವದಲ್ಲಿ ಆ ಹೆಂಗಸರಿಗೂ ಒಂದು ಮನಸ್ಸಿತ್ತು, ಕ್ಯಾಮೆರಾ ಅತ್ತ ತಿರುಗಲಿಲ್ಲ ಅಷ್ಟೆ.

ನನ್ನ ಪಟ್ಟಿ ಬೇರೆ. ಮೊದಲಿಗೆ ಮಸಾಹಿರೋ ಶಿನೋಡಾ ಅವರ ‘ಪೇಲ್ ಫ್ಲವರ್’ (1964). ಕೊಲೆ ಮಾಡಿ ಜೈಲು ಮುಗಿಸಿ ಬಂದ ನಡುವಯಸ್ಸಿನ ಯಾಕುಜಾ. ಜೂಜುಕೋಣೆಯಲ್ಲಿ ಗಂಡಸರ ನಡುವೆ ಒಬ್ಬಳೇ ಕುಳಿತು ದುಡ್ಡು ಸುರಿಯುವ ಸಾಯೆಕೊ. ಅವಳು ಯಾರು, ಎಲ್ಲಿಂದ ಬಂದಳು ಎಂದು ಚಿತ್ರ ಹೇಳುವುದಿಲ್ಲ. ತೋರು ತಕೆಮಿತ್ಸು ಅವರ ಸಂಗೀತ. ಹೂವಿನ ಚಿತ್ರದ ಪುಟ್ಟ ಇಸ್ಪೀಟೆಲೆಗಳು ನೆಲಕ್ಕೆ ಬೀಳುವ ಟಪ್ ಟಪ್ ಸದ್ದೇ ಅದರಲ್ಲಿ ತಾಳವಾಗಿಬಿಡುತ್ತದೆ. (ಟಾಕೀಸು ಸರ್, ನಿಮ್ಮ ರ್ಯೋ ಇಕೆಬೆಯೇ ಇದರ ನಾಯಕ. ಹಾಗಾಗಿ ಜಗಳವಿಲ್ಲ.)

ಎರಡನೆಯದು ಜೂಜೋ ಇತಾಮಿ ಅವರ ‘ಮಿಂಬೋ’ (1992). ಯಾಕುಜಾಗಳು ಒಂದು ದೊಡ್ಡ ಹೋಟೆಲಿನ ಲಾಬಿಯಲ್ಲಿ ಬಂದು ಕೂರುತ್ತಾರೆ. ಊಟದಲ್ಲಿ ಜಿರಳೆ ಇತ್ತೆಂದು ಕೂಗಾಡುತ್ತಾರೆ, ದುಡ್ಡು ಕೀಳುತ್ತಾರೆ. ಅವರನ್ನು ಎದುರಿಸುವುದು ಒಬ್ಬ ವಕೀಲೆ. ಇತಾಮಿ ಅವರ ಪತ್ನಿ ನೊಬುಕೊ ಮಿಯಾಮೋತೋ. ಕತ್ತಿಯಿಲ್ಲ, ಬಂದೂಕಿಲ್ಲ, ಕಾನೂನಿನ ಕಲಮು ಓದಿ ಹೇಳುತ್ತಾಳೆ. ಯಾಕುಜಾ ಎಂದರೆ ಕಿರುಚುವ ಭಿಕ್ಷುಕ ಎಂದು ನೋಡುಗರು ನಕ್ಕುಬಿಡುತ್ತಾರೆ. ಚಿತ್ರ ಬಿಡುಗಡೆಯಾಗಿ ವಾರ ತುಂಬುವ ಮೊದಲೇ ನಿಜವಾದ ಯಾಕುಜಾಗಳು ಐದು ಜನ ಇತಾಮಿ ಅವರ ಮನೆಯ ಬಳಿ ಕಾದು ಅವರ ಮುಖ, ಕುತ್ತಿಗೆ ಸೀಳಿದರು. ಅಷ್ಟು ವರ್ಷ ಪರದೆಯ ಮೇಲೆ ಅಷ್ಟೊಂದು ಕೊಲೆಗಳಾಗಿದ್ದವು. ಅವರಿಗೆ ನೋವಾದದ್ದು ನಗೆಯಿಂದ.

ರೀಲು ಡಬ್ಬಿ
ಕೊನೆಯ ಸಾಲಿಗೆ ನನ್ನಲ್ಲಿ ಉತ್ತರವಿಲ್ಲ.

ಅರ್ಧ ಟಿಕೆಟ್
ರೀಲು ಡಬ್ಬಿಯವರಲ್ಲಿ ಉತ್ತರವಿಲ್ಲದ ದಿನ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡಿದ್ದೇನೆ.

ಹಳೇ ಟಾಕೀಸು
ತುಂತುರು ಅವರೇ, ‘ರೆಡ್ ಪಿಯೊನಿ ಗ್ಯಾಂಬ್ಲರ್’ ಮರೆತಿರಾ? 1968ರಿಂದ 72ರವರೆಗೆ ಎಂಟು ಚಿತ್ರ, ಎಂಟರಲ್ಲೂ ಜುಂಕೊ ಫುಜಿ ನಾಯಕಿ. ಭುಜದ ಮೇಲೆ ಕೆಂಪು ಪಿಯೊನಿ ಹೂವಿನ ಹಚ್ಚೆ, ಕೈಯಲ್ಲಿ ಕಿರುಗತ್ತಿ.

ತುಂತುರು
ಮರೆತಿಲ್ಲ ಸರ್. ಆದರೆ ಕೊನೆಗೆ ಪ್ರತಿ ಬಾರಿಯೂ ಒಬ್ಬ ತಕಾಕುರಾ ಅಥವಾ ಒಬ್ಬ ಸುಗವಾರಾ ಬಂದು ನೆರವಾಗಬೇಕಲ್ಲ! ಹಾಗಿದ್ದರೂ ನನಗೆ ಇಷ್ಟವೇ. ಅವಳು ಮೊಣಕಾಲೂರಿ ತನ್ನ ಊರು, ಹೆಸರು, ಮನೆತನ ಹೇಳಿ ಪರಿಚಯಿಸಿಕೊಳ್ಳುವ ಆ ಶಾಸ್ತ್ರವನ್ನು ನಾನು ಹತ್ತು ಸಲ ನೋಡಿದ್ದೇನೆ.

ಯೊಕೊಹಾಮಾ ವಾಸಿ
ಒಂಬತ್ತು ವರ್ಷದಿಂದ ಇಲ್ಲಿದ್ದೇನೆ, ಹುಟ್ಟೂರು ತಿಪಟೂರು. ಸಿನಿಮಾ ಪಂಡಿತನಲ್ಲ. ಎರಡು ಅನುಭವ ಹೇಳುತ್ತೇನೆ.

ಮೊದಲ ವರ್ಷ ಮನೆ ಬಾಡಿಗೆಯ ಕರಾರಿಗೆ ಸಹಿ ಹಾಕುವಾಗ ಒಂದು ಕಲಮಿನ ಮುಂದೆ ಮಧ್ಯವರ್ತಿ ಬೆರಳಿಟ್ಟು ನಿಧಾನವಾಗಿ ಓದಿದರು: ನಾನು ‘ಸಮಾಜವಿರೋಧಿ ಶಕ್ತಿ’ಗೆ ಸೇರಿದವನಲ್ಲ. ನಗು ಬಂತು. ಬ್ಯಾಂಕ್ ಖಾತೆ ತೆರೆಯುವಾಗಲೂ ಅದೇ ಮಾತು. ಮೂರನೆಯ ಸಲ ನಗಲಿಲ್ಲ. ಇದು ಯಾಕುಜಾಗಳಿಗೆ ಹಾಕಿದ ಬೇಲಿ ಎಂದು ತಿಳಿಯಿತು. 1992ರಲ್ಲಿ ಅವರ ವಿರುದ್ಧ ದೇಶಮಟ್ಟದ ಕಾನೂನು ಜಾರಿಗೆ ಬಂತು. 2011ರ ಹೊತ್ತಿಗೆ ಎಲ್ಲ 47 ಪ್ರಾಂತಗಳೂ ಅವರೊಡನೆ ವ್ಯವಹರಿಸುವವರನ್ನೇ ಹಿಡಿಯುವ ನಿಯಮ ಮಾಡಿದವು. ಈಗ ಯಾಕುಜಾ ತನ್ನ ಹೆಸರಿನಲ್ಲಿ ಮನೆ ಹಿಡಿಯಲಾರ, ಬ್ಯಾಂಕ್ ಖಾತೆ ತೆರೆಯಲಾರ, ಮೊಬೈಲ್ ಕೊಳ್ಳಲಾರ. ಗುಂಪು ಬಿಟ್ಟು ಬಂದ ಮೇಲೂ ಐದು ವರ್ಷ ಅದೇ ಗತಿ.

ಎರಡನೆಯದು ಬಿಸಿನೀರಿನ ಬುಗ್ಗೆಯ ಸ್ನಾನಗೃಹ. ಊರಿನಿಂದ ಬಂದಿದ್ದ ಭಾವನ ಮುಂಗೈ ಮೇಲೆ ಜಾತ್ರೆಯಲ್ಲಿ ಹಾಕಿಸಿಕೊಂಡ ‘ಅಮ್ಮ’ ಎಂಬ ಎರಡಕ್ಷರದ ಹಚ್ಚೆ. ಹಚ್ಚೆಯೆಂದರೆ ಯಾಕುಜಾ ಗುರುತು ಎಂದು ಬಾಗಿಲಲ್ಲೇ ತಡೆದರು. ಇದು ತಾಯಿಯ ಹೆಸರು ಎಂದು ನಾನು ಅರೆಬರೆ ಜಪಾನಿಯಲ್ಲಿ ಬೇಡಿಕೊಂಡೆ. ಅವರು ತಲೆ ಬಾಗಿಸಿ ಕ್ಷಮೆ ಕೇಳಿದರು, ಬಾಗಿಲು ಮಾತ್ರ ತೆರೆಯಲಿಲ್ಲ. ಕೊನೆಗೆ ಪಕ್ಕದ ಔಷಧ ಅಂಗಡಿಯಿಂದ ಅಗಲವಾದ ಬ್ಯಾಂಡೇಜು ತಂದು ಅಮ್ಮನನ್ನು ಮುಚ್ಚಿದ ಮೇಲೆ ಒಳಗೆ ಬಿಟ್ಟರು. ಭಾವ ಇಂದಿಗೂ ತಿಪಟೂರಿನಲ್ಲಿ ‘ಜಪಾನಿನವರು ನನ್ನನ್ನು ಡಾನ್ ಎಂದುಕೊಂಡರು’ ಎಂದು ಹೇಳಿಕೊಂಡು ತಿರುಗುತ್ತಾರೆ.

ಈ ಇಂದಿನ ಸ್ಥಿತಿ ನೋಡಬೇಕೆಂದರೆ ಮಿಚಿಹಿತೊ ಫುಜಿಯಿ ಅವರ ‘ಎ ಫ್ಯಾಮಿಲಿ’ (2021), ಮಿವಾ ನಿಶಿಕಾವಾ ಅವರ ‘ಅಂಡರ್ ದಿ ಓಪನ್ ಸ್ಕೈ’. ಎರಡನೆಯದರಲ್ಲಿ ಕೋಜಿ ಯಾಕುಶೋ ಜೈಲಿನಿಂದ ಹೊರಬಂದು ವಾಹನ ಚಾಲನೆಯ ಪರೀಕ್ಷೆಗೆ ಒದ್ದಾಡುತ್ತಾನೆ. ಒಂದು ಕಾಲದಲ್ಲಿ ಊರು ನಡುಗಿಸಿದವನು ಸರಿಯಾಗಿ ತಿರುವು ತೆಗೆದುಕೊಳ್ಳಲಾರದೆ ಬೈಸಿಕೊಳ್ಳುವುದನ್ನು ನೋಡಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಪ್ಪನಿಗೆ ಧೈರ್ಯವಾಗಿ ತೋರಿಸಬಹುದು.

ಕುಚ್ಚಲಕ್ಕಿ ಗಂಜಿ
ತಡವಾಗಿ ಬಂದೆ. ಯಾರೂ ನಿರ್ದೇಶಕ ಸೇಜುನ್ ಸುಜುಕಿ ಹೆಸರೆತ್ತಿಲ್ಲವಲ್ಲ ಮಾರಾಯರೇ! ‘ಟೋಕಿಯೋ ಡ್ರಿಫ್ಟರ್’ (1966) ನೋಡಿ. ಹಳದಿ ನೈಟ್‌ಕ್ಲಬ್ಬು, ತಿಳಿನೀಲಿ ಸೂಟು ಹಾಕಿಕೊಂಡು ಹಿಮದಲ್ಲಿ ಹಾಡು ಗುನುಗುತ್ತ ನಡೆಯುವ ತೆತ್ಸುಯಾ ವತಾರಿ. ಕಥೆ ಕೇಳಬೇಡಿ, ಬಣ್ಣ ನೋಡಿ. ಆ ಹುಚ್ಚಾಟಕ್ಕೇ ನಿಕ್ಕಾತ್ಸು ಕಂಪನಿ ಅವರನ್ನು ಕೆಲಸದಿಂದ ತೆಗೆಯಿತು.

ಹಳೇ ಟಾಕೀಸು
ಅದಕ್ಕಲ್ಲ. ಮರುವರ್ಷದ ‘ಬ್ರ್ಯಾಂಡೆಡ್ ಟು ಕಿಲ್’ (1967) ನೋಡಿ ಅರ್ಥವಾಗಲಿಲ್ಲವೆಂದು ಕಂಪನಿಯ ಯಜಮಾನರು 1968ರಲ್ಲಿ ತೆಗೆದರು. ಸುಜುಕಿ ನ್ಯಾಯಾಲಯಕ್ಕೆ ಹೋದರು, 1971ರಲ್ಲಿ ರಾಜಿಯಾಯಿತು. ಆದರೂ ಸುಮಾರು ಹತ್ತು ವರ್ಷ ಯಾವ ಕಂಪನಿಯೂ ಅವರಿಗೆ ಚಿತ್ರ ಕೊಡಲಿಲ್ಲ. ಗುಂಪು ಬಿಟ್ಟವನಿಗೆ ಊರಿನಲ್ಲಿ ನೀರು ಸಿಗದ ಕಥೆ ಪರದೆಯ ಹೊರಗೂ ಇತ್ತು.

ಕುಚ್ಚಲಕ್ಕಿ ಗಂಜಿ
ಸರಿ ಸರಿ. ಆದರೆ ‘ಬ್ರ್ಯಾಂಡೆಡ್ ಟು ಕಿಲ್’ ನನಗೆ ಬಹಳ ಹತ್ತಿರದ ಚಿತ್ರ. ಅದರ ಕೊಲೆಗಾರನಿಗೆ ಅನ್ನ ಬೇಯುವ ಪರಿಮಳ ಮೂಗಿಗೆ ಬಡಿದರೆ ಮೈಮೇಲೆ ಪ್ರಜ್ಞೆ ಇರುವುದಿಲ್ಲ. ಒಲೆಯ ಮೇಲಿನ ಪಾತ್ರೆಗೆ ಮುಖ ಹಾಕಿ ಉಸಿರೆಳೆಯುತ್ತಾನೆ. ಅದು ಬೆಳ್ತಿಗೆ ಅಕ್ಕಿಗೇ ಆ ಸ್ಥಿತಿ. ನಮ್ಮ ಮನೆಯ ಕುಚ್ಚಲಕ್ಕಿ ಕುದಿಯುವಾಗ ಬಂದಿದ್ದರೆ ಕಸುಬನ್ನೇ ಬಿಡುತ್ತಿದ್ದ.

ತುಂತುರು
ಆ ನಟ ಜೋ ಶಿಶಿದೋ ಕೆನ್ನೆ ದಪ್ಪ ಕಾಣಲೆಂದು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ನಾನು ಮೊದಲ ಸಲ ನೋಡಿ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡಿದ್ದಾರೆ ಎಂದುಕೊಂಡಿದ್ದೆ.

ಕೊನೆಯ ಬೆಂಚು
ಇಷ್ಟೊಂದು ಉತ್ತರ ಬರುತ್ತದೆಂದು ಎಣಿಸಿರಲಿಲ್ಲ. ಒಂದು ಸಣ್ಣ ಪ್ರಶ್ನೆ: ಎಲ್ಲ ಕಡೆಯೂ ‘ಗಿರಿ’, ‘ನಿಂಜೋ’ ಎಂಬ ಎರಡು ಪದ ಬರುತ್ತದೆ. ಸಬ್‌ಟೈಟಲಿನಲ್ಲಿ ಒಂದೊಂದು ಸಲ ಒಂದೊಂದು ಅರ್ಥ. ಕನ್ನಡದಲ್ಲಿ ಏನನ್ನಬೇಕು?

ರೀಲು ಡಬ್ಬಿ
ಗಿರಿ ಎಂದರೆ ಕರ್ತವ್ಯ, ನಿಂಜೋ ಎಂದರೆ ಮಾನವೀಯತೆ.

ಹಳೇ ಟಾಕೀಸು
ಅದು ನಿಘಂಟಿನ ಕನ್ನಡ. ಕರ್ತವ್ಯ ಕಚೇರಿಯಲ್ಲೂ ಇರುತ್ತದೆ. ಗಿರಿ ಎಂದರೆ ಋಣ. ಒಂದು ಹೊತ್ತು ಊಟ ಹಾಕಿದವನಿಗಾಗಿ ಜೀವ ಕೊಡುವುದು.

ತುಂತುರು
ಋಣದಲ್ಲಿ ಪ್ರೀತಿ ಬೆರೆತಿರುತ್ತದೆ, ತೀರಿಸಿದವನಿಗೆ ಸಮಾಧಾನವೂ ಸಿಗುತ್ತದೆ. ಗಿರಿಗೆ ‘ಹಂಗು’ ಸರಿ. ಬೇಡವಾದರೂ ಕುತ್ತಿಗೆಗೆ ಬಿದ್ದಿರುತ್ತದೆ. ನಿಂಜೋ ಎಂದರೆ ಕರುಳು. ಹಂಗು ಒಂದು ಕಡೆ ಎಳೆಯುತ್ತದೆ, ಕರುಳು ಇನ್ನೊಂದು ಕಡೆ.

ಯೊಕೊಹಾಮಾ ವಾಸಿ
ಇಲ್ಲಿನ ದಿನಬಳಕೆಯಲ್ಲಿ ಗಿರಿ ಎಂದರೆ ಬಹುಪಾಲು ದಾಕ್ಷಿಣ್ಯ. ಫೆಬ್ರವರಿ 14ಕ್ಕೆ ಕಚೇರಿಯ ಹೆಂಗಸರು ಸಹೋದ್ಯೋಗಿಗಳಿಗೆಲ್ಲ ಹಂಚುವ ಚಾಕೊಲೇಟಿಗೆ ‘ಗಿರಿ ಚೊಕೊ’ ಎನ್ನುತ್ತಾರೆ. ದಾಕ್ಷಿಣ್ಯದ ಚಾಕೊಲೇಟು. ಋಣದ ಚಾಕೊಲೇಟು ಎಂದರೆ ತಿನ್ನಲು ಭಯವಾಗುತ್ತದೆ.

ಅರ್ಧ ಟಿಕೆಟ್
ಪೂರ್ತಿ ಯಾಕುಜಾ ಚರಿತ್ರೆಯೇ ಇಷ್ಟು: ದಾಕ್ಷಿಣ್ಯಕ್ಕೆ ಬೆರಳು ಕಳೆದುಕೊಂಡರು.

ಕುಚ್ಚಲಕ್ಕಿ ಗಂಜಿ
ಬೆರಳೆಂದ ಕೂಡಲೇ ‘ಬ್ಯಾಟಲ್ಸ್’ ಮೊದಲ ಭಾಗದ ಆ ದೃಶ್ಯ ನೆನಪಾಯಿತು. ಹಿರೋನೋ ಯಾಕುಜಾ ಪದ್ಧತಿಯಂತೆ ತಪ್ಪೊಪ್ಪಿಗೆಗಾಗಿ ಕಿರುಬೆರಳು ಕತ್ತರಿಸಿಕೊಳ್ಳುತ್ತಾನೆ. ಎಲ್ಲರೂ ಗಂಭೀರವಾಗಿ ನೋಡುತ್ತಿದ್ದಾರೆ. ಬೆರಳು ಎಗರಿ ಎಲ್ಲೋ ಹೋಯಿತು! ಇಡೀ ಗುಂಪು ಅಂಗಳದಲ್ಲಿ ಬಗ್ಗಿ ಹುಡುಕುತ್ತದೆ. ನೋಡಿದರೆ ಕೋಳಿಯ ಬಳಿ ಬಿದ್ದಿದೆ. ಟಾಕೀಸು ಸರ್ ಹೇಳಿದ ಹತ್ತು ವರ್ಷದ ಗಾಂಭೀರ್ಯವನ್ನು ಒಂದು ಕೋಳಿ ಮುಗಿಸಿತು.

ರೀಲು ಡಬ್ಬಿ
ಇದನ್ನೇ ನಾನು ಮೂರು ಪ್ಯಾರಾದಲ್ಲಿ ಹೇಳಲು ಒದ್ದಾಡಿದ್ದು.

ಮೂಲೆ ಸೀಟು
ಒಂದು ಮಾತು ಕೇಳಲೇ? ‘ಔಟ್‌ರೇಜ್’ ಮಾಡಿದ ತಕೇಶಿ ಕಿಟಾನೋ ಮತ್ತು ನಾವು ಶಾಲೆಯಿಂದ ಬಂದು ಪೋಗೋ ವಾಹಿನಿಯಲ್ಲಿ ನೋಡುತ್ತಿದ್ದ ‘ತಕೇಶೀಸ್ ಕ್ಯಾಸಲ್’ನ ತಕೇಶಿ ಒಬ್ಬರೇ ಅಲ್ಲ ತಾನೇ?

ರೀಲು ಡಬ್ಬಿ
ಒಬ್ಬರೇ. ಕೋಟೆಯ ಒಡೆಯ ಅವರೇ.

ಮೂಲೆ ಸೀಟು
ಜಾವೇದ್ ಜಾಫ್ರಿ ಹಿಂದಿಯಲ್ಲಿ ಮಾತು ಸೇರಿಸುತ್ತಿದ್ದ, ಜನ ಕೆಸರಿಗೆ ಬೀಳುತ್ತಿದ್ದ ಕಾರ್ಯಕ್ರಮ? ಆ ಮನುಷ್ಯನೇ ವೆನಿಸ್ ಚಿತ್ರೋತ್ಸವದಲ್ಲಿ ಚಿನ್ನದ ಸಿಂಹ ಗೆದ್ದವರು?

ರೀಲು ಡಬ್ಬಿ
ಹೌದು, 1997ರಲ್ಲಿ ‘ಹಾನಾ-ಬಿ’ಗೆ. ಜಪಾನಿನಲ್ಲಿ ಅವರು ಮೊದಲು ಹಾಸ್ಯಗಾರ. ಮೊದಲ ಚಿತ್ರ ‘ವಯಲೆಂಟ್ ಕಾಪ್’ (1989) ಕೂಡ ಅಕಸ್ಮಾತ್ತಾಗಿ ಕೈಗೆ ಬಂದದ್ದು. ನಿರ್ದೇಶಿಸಬೇಕಿದ್ದವರು ಫುಕಾಸಾಕು, ಅವರು ಹಿಂದೆ ಸರಿದ ಮೇಲೆ ನಟನಾಗಿ ಬಂದಿದ್ದ ಕಿಟಾನೋ ಅವರೇ ನಿರ್ದೇಶಿಸಿದರು. 1994ರ ಸ್ಕೂಟರ್ ಅಪಘಾತದಲ್ಲಿ ಮುಖದ ಒಂದು ಭಾಗ ಸ್ವಾಧೀನ ಕಳೆದುಕೊಂಡಿತು. ಚೇತರಿಸಿಕೊಳ್ಳುವಾಗ ಬಿಡಿಸಿದ ಚಿತ್ರಗಳನ್ನೇ ‘ಹಾನಾ-ಬಿ’ಯಲ್ಲಿ ಬಳಸಿದ್ದಾರೆ.

ಆದರೆ ಕಿಟಾನೋ ಅವರದು ಒಂದೇ ಒಂದು ನೋಡುವುದಾದರೆ ‘ಸೊನಾಟಿನ್’ (1993). ಟೋಕಿಯೋದ ಯಾಕುಜಾಗಳನ್ನು ಜಗಳ ಬಿಡಿಸಲೆಂದು ಓಕಿನಾವಾಗೆ ಕಳಿಸುತ್ತಾರೆ. ಅಲ್ಲಿ ಅಡಗಿ ಕೂರಬೇಕಾಗಿ ಬಂದಾಗ ಮಾಡಲು ಕೆಲಸವಿಲ್ಲ. ಕಡಲ ದಂಡೆಯಲ್ಲಿ ಕಾಗದದ ಸುಮೋ ಪೈಲ್ವಾನರನ್ನು ಕುಣಿಸುತ್ತಾರೆ, ಆಮೇಲೆ ತಾವೇ ಆ ಕಾಗದದ ಗೊಂಬೆಗಳಂತೆ ಕುಸ್ತಿಯಾಡುತ್ತಾರೆ, ಮರಳಲ್ಲಿ ಗುಂಡಿ ತೋಡಿ ಒಬ್ಬರನ್ನೊಬ್ಬರು ಬೀಳಿಸುತ್ತಾರೆ. ನಡುವಯಸ್ಸಿನ ಕೊಲೆಗಾರರಿಗೆ ಬೇಸಿಗೆ ರಜೆ. ಜೋ ಹಿಸೈಶಿ ಸಂಗೀತ. ಕೊನೆಯಲ್ಲಿ ಅವನು ಕಾರಿನಲ್ಲಿ ಒಬ್ಬನೇ ಕುಳಿತು ತನ್ನ ತಲೆಗೇ

ಕೊನೆಯ ಬೆಂಚು
ಸ್ವಾಮೀ, ನಾನಿನ್ನೂ ನೋಡಿಲ್ಲ!!

ರೀಲು ಡಬ್ಬಿ
ಕ್ಷಮಿಸಿ. ಮೂವತ್ತು ವರ್ಷ ದಾಟಿದ ಚಿತ್ರ ಎಂಬ ಧೈರ್ಯದಲ್ಲಿ ಬರೆದೆ.

ತುಂತುರು
ಮಹಾಭಾರತದ ಕೊನೆಯೂ ಎಲ್ಲರಿಗೂ ಗೊತ್ತು. ಆದರೂ ಪ್ರಸಂಗ ನಡೆಯುವಾಗ ಪಕ್ಕದಲ್ಲಿ ಕುಳಿತು ಯಾರೂ ಪಿಸುಗುಟ್ಟುವುದಿಲ್ಲ.

ಚೌಕಿಮನೆ
ನಿಜವಾದ ಕಥೆ, ನಿಜವಾದ ರೌಡಿ ಎಂದು ಜಪಾನಿನತ್ತಲೇ ಏಕೆ ನೋಡುತ್ತೀರಿ? 1995ರ ‘ಓಂ’ ಚಿತ್ರದಲ್ಲಿ ಉಪೇಂದ್ರ ಬೆಂಗಳೂರಿನ ಭೂಗತಲೋಕದವರನ್ನೇ ಕ್ಯಾಮೆರಾ ಮುಂದೆ ನಿಲ್ಲಿಸಿದ್ದರು.

ಹಳೇ ಟಾಕೀಸು
ನಿಲ್ಲಿಸಿದ್ದು ನಿಜ. ಜಪಾನಿನಲ್ಲಿ ಇನ್ನೂ ಮುಂದೆ ಹೋದರು. ಟೋಕಿಯೋದ ಶಿಬುಯಾ ಬಡಾವಣೆಯಲ್ಲಿ ತನ್ನದೇ ಗುಂಪು ನಡೆಸಿದ ನೊಬೊರು ಆಂದೋ 1964ರಲ್ಲಿ ಅದನ್ನು ವಿಸರ್ಜಿಸಿ ಮರುವರ್ಷವೇ ಚಿತ್ರನಾಯಕನಾದ. ಎಡಗೆನ್ನೆಯ ಮೇಲಿನ ಗಾಯದ ಗೆರೆ ಬಣ್ಣದಲ್ಲಿ ಬರೆದದ್ದಲ್ಲ.

ಚೌಕಿಮನೆ
ಒಪ್ಪಿದೆ. ಆದರೂ ‘ಓಂ’ ಮರುಬಿಡುಗಡೆಯಾದಷ್ಟು ಸಲ ಯಾವ ಜಪಾನಿ ಚಿತ್ರ...

ನಿರ್ವಾಹಕರು
‘ಓಂ’ ಬಗ್ಗೆ ಪ್ರತ್ಯೇಕ ಚರ್ಚೆ ಈಗಾಗಲೇ ನಾನೂರು ಉತ್ತರ ದಾಟಿದೆ. ದಯವಿಟ್ಟು ಅಲ್ಲಿಗೆ ಹೋಗಿ.

ಮೂಲೆ ಸೀಟು
ತಕಾಶಿ ಮೀಕೆ ಅವರ ‘ಇಚಿ ದಿ ಕಿಲ್ಲರ್’ (2001) ಅಪ್ಪನೊಂದಿಗೆ ನೋಡಬಹುದೇ ಎಂದು ಯಾರೋ ಖಾಸಗಿಯಾಗಿ ಕೇಳಿದ್ದಾರೆ. ಬೇಡ. ಅಪ್ಪನೊಂದಿಗೂ ಬೇಡ, ಊಟದೊಂದಿಗೂ ಬೇಡ.

ಯೊಕೊಹಾಮಾ ವಾಸಿ
ಕಳೆದ ವರ್ಷ ಹಿರೋಷಿಮಾಕ್ಕೆ ಹೋದಾಗ ಕುರೆಗೂ ಹೋಗಿದ್ದೆ. ಈಗ ಜನ ಬರುವುದು ಯಮಾತೋ ಯುದ್ಧನೌಕೆಯ ವಸ್ತುಸಂಗ್ರಹಾಲಯಕ್ಕೆ. ಆ ನೌಕೆ ಕಟ್ಟಿದ ಊರು ಅದು. ಹತ್ತರಲ್ಲೊಂದು ಅಳತೆಯ ಮಾದರಿಯನ್ನೇ ನೋಡಲು ಕತ್ತು ಹೊರಳಿಸಬೇಕು. ಸಿನಿಮಾದ ಕಳ್ಳಸಂತೆಯ ಗಲ್ಲಿಗಳನ್ನು ಹುಡುಕಲು ಹೊರಟೆ. ಬಹುಪಾಲು ಚಿತ್ರೀಕರಣ ಕ್ಯೋಟೋದಲ್ಲಿ ಎಂದು ಆಮೇಲೆ ತಿಳಿಯಿತು. ಆದರೆ ಮಾತು ಮಾತ್ರ ಅದೇ. ಮೀನಿನಂಗಡಿಯ ಮುದುಕಿ ಪ್ರತಿ ವಾಕ್ಯದ ಕೊನೆಗೂ ‘ಜಾಕೆನ್, ಜಾಕೆನ್’ ಎನ್ನುತ್ತಿದ್ದಳು. ಆ ಸೀಮೆಯ ಒರಟು ಸೊಗಡು ಸಬ್‌ಟೈಟಲಿಗೆ ಬರುವುದೇ ಇಲ್ಲ. ಧಾರವಾಡದ ಬೈಗುಳವನ್ನು ಪಠ್ಯಪುಸ್ತಕದ ಕನ್ನಡದಲ್ಲಿ ಓದಿದಂತೆ.

ಪುಟಾಣಿ ಪ್ರೊಜೆಕ್ಟರು
ಇಷ್ಟೆಲ್ಲಾ ಮಾತಾಯಿತು, ನಿರ್ದೇಶಕ ಅಕಿರಾ ಕುರೊಸಾವಾ ಎಲ್ಲಿ? ‘ಡ್ರಂಕನ್ ಏಂಜೆಲ್’ (1948). ಕೊಳಚೆ ಹೊಂಡದ ಪಕ್ಕದ ಬೀದಿ, ಕುಡುಕ ವೈದ್ಯನಾಗಿ ತಕಾಶಿ ಶಿಮುರಾ, ಕ್ಷಯ ಹಿಡಿದ ಪುಂಡನಾಗಿ ತೊಶಿರೊ ಮಿಫುನೆ. ಅವರಿಬ್ಬರ ಜೊತೆ ಕುರೊಸಾವಾ ಅವರ ಒಡನಾಟ ಮುಂದೆ ಎಷ್ಟು ಬೆಳೆಯಿತೆಂಬುದು ಗೊತ್ತಲ್ಲ. ಮಿಫುನೆ ಮಟ್ಟಿಗೆ ಇದೇ ಮೊದಲನೆಯದು. ಕೊನೆಯ ಹೊಡೆದಾಟ ಚೆಲ್ಲಿದ ಬಿಳಿ ಬಣ್ಣದಲ್ಲಿ. ಇಬ್ಬರೂ ಜಾರುತ್ತಾರೆ, ತೆವಳುತ್ತಾರೆ. ಯಾಕುಜಾ ನಿಯತ್ತು ಎಂಬುದು ಪೊಳ್ಳು ಎಂದು ರೀಲು ಡಬ್ಬಿಯವರ ಫುಕಾಸಾಕುಗಿಂತ ಇಪ್ಪತ್ತೈದು ವರ್ಷ ಮೊದಲೇ ಈ ವೈದ್ಯ ಬೈದು ಹೇಳಿದ್ದಾನೆ.

ಇನ್ನೊಂದು. ನೀವಿಬ್ಬರೂ ಇಷ್ಟು ಹೊತ್ತು ಗುದ್ದಾಡಿದಿರಲ್ಲ, ನಿಂಕ್ಯೋ ದೊಡ್ಡದೋ ಫುಕಾಸಾಕು ದೊಡ್ಡವರೋ ಎಂದು. ನಿಂಕ್ಯೋ ಚಿತ್ರಗಳ ಶಿಖರ ಎನ್ನುವ 1968ರ ಚಿತ್ರ, ಕೋಜಿ ತ್ಸುರುತಾ ನಟಿಸಿದ ‘ಬಿಗ್ ಗ್ಯಾಂಬ್ಲಿಂಗ್ ಸೆರೆಮನಿ’. ಕಾದಂಬರಿಕಾರ ಯುಕಿಯೋ ಮಿಶಿಮಾ ಮನಸೋತು ಹೊಗಳಿದ್ದು. ಅದನ್ನು ಬರೆದವರು ಯಾರು ಗೊತ್ತೇ? ಕಝುವೋ ಕಾಸಾಹಾರಾ. ನೀತಿಯ ಕೋಟೆ ಕಟ್ಟಿದವರೂ ಅವರೇ, ಐದು ವರ್ಷದ ನಂತರ ಅದಕ್ಕೆ ಬೆಂಕಿ ಇಟ್ಟವರೂ ಅವರೇ.

ಹಳೇ ಟಾಕೀಸು
ಇದು ನನ್ನ ತಲೆಗೇ ಹೊಳೆದಿರಲಿಲ್ಲ. ನಾಲ್ಕೋ ಐದೋ ಎಂದು ತಿದ್ದಿದವನೇ ನಾನು.

ರೀಲು ಡಬ್ಬಿ
ಆ ಚಿತ್ರ ನಾನು ನೋಡಿಲ್ಲ ಎಂದು ತಗ್ಗಿದ ದನಿಯಲ್ಲಿ ಒಪ್ಪಿಕೊಳ್ಳುತ್ತೇನೆ. ಈ ಭಾನುವಾರ ನೋಡುತ್ತೇನೆ ಟಾಕೀಸು ಸರ್.

ಹಳೇ ಟಾಕೀಸು
ನೋಡಿ. ಇನ್ನೊಂದು ವಿಷಯ: ತಕಾಕುರಾ ತೀರಿಕೊಂಡದ್ದು 2014ರ ನವೆಂಬರ್ 10, ನಿಮ್ಮ ಬುಂತಾ ಸುಗವಾರಾ ಅದೇ ನವೆಂಬರ್ 28. ಹದಿನೆಂಟು ದಿನದ ಅಂತರ. ಆ ತಿಂಗಳು ನಾನು ಎರಡು ಸಲ ಹಳೆಯ ಡಿವಿಡಿ ತೆಗೆದೆ. ಮೊಮ್ಮಗಳು ಬಂದು ಸುಗವಾರಾ ದನಿ ಕೇಳಿ ‘ಇದು ಕಾಮಾಜಿ ತಾತ’ ಎಂದಳು. ಮಿಯಾಝಾಕಿ ಅವರ ಆನಿಮೇಷನ್ ಚಿತ್ರ ‘ಸ್ಪಿರಿಟೆಡ್ ಅವೇ’ಯಲ್ಲಿ ಬಾಯ್ಲರ್ ಕೋಣೆಯ ಆರು ಕೈಯ ಮುದುಕನಿಗೆ ದನಿ ಕೊಟ್ಟವರು ಅವರೇ. ಅವಳು ಅದನ್ನು ಜಪಾನಿಯಲ್ಲೇ ನೋಡಿದ್ದಳು.

ಕೊನೆಯ ಬೆಂಚು
ಮೂರು ವಾರದ ವರದಿ.

ಮೊದಲು ‘ಅಬಾಶಿರಿ ಪ್ರಿಸನ್’ ಹಾಕಿದೆ. ಅಪ್ಪ ಸುಮ್ಮನೆ ನೋಡಿ ‘ಚೆನ್ನಾಗಿದೆ, ಹಿಮ ಜಾಸ್ತಿ’ ಎಂದರು. ‘ಪೇಲ್ ಫ್ಲವರ್’ ಅಮ್ಮನಿಗೆ ಇಷ್ಟವಾಯಿತು. ಆ ಹುಡುಗಿಯ ಅಪ್ಪ ಅಮ್ಮ ಏನು ಮಾಡುತ್ತಿದ್ದಾರೆ ಎಂದು ಕೊನೆಯವರೆಗೂ ಸಿಟ್ಟಾಗಿದ್ದರು.

ಮೂರನೆಯ ಶನಿವಾರ ‘ಬ್ಯಾಟಲ್ಸ್’. ಹೆಸರುಗಳು ಅಪ್ಪನಿಗೆ ಸಿಗುವುದಿಲ್ಲ ಎಂದುಕೊಂಡು ಕಾಗದ, ಪೆನ್ನು ಇಟ್ಟುಕೊಂಡಿದ್ದೆ. ಬೇಕಾಗಲಿಲ್ಲ. ಯಜಮಾನ ಯಮಮೋರಿ ಹೆಂಡತಿಯ ಜೊತೆ ಕುಳಿತು ಕಣ್ಣೀರು ಹಾಕಿ, ಹುಡುಗರ ಕೈಯಲ್ಲಿ ಕೊಲೆ ಮಾಡಿಸುವ ದೃಶ್ಯ ಬಂತಲ್ಲ. ಅಪ್ಪ ಮುಂದಕ್ಕೆ ಬಾಗಿದರು. ‘ಇವನನ್ನು ನಾನು ಬಲ್ಲೆ’ ಎಂದರು. ಯಾರಪ್ಪಾ ಎಂದೆ. ಅವರ ಕಾಲದ ಒಬ್ಬ ಅಧ್ಯಕ್ಷರಂತೆ. ತನಿಖೆ ಬಂದಾಗಲೆಲ್ಲ ಆ ಮನುಷ್ಯ ಸಿಬ್ಬಂದಿಯನ್ನು ಕೂರಿಸಿಕೊಂಡು ‘ನೀವೆಲ್ಲ ನನ್ನ ಮಕ್ಕಳು’ ಎಂದು ಅತ್ತು, ಕಡತಕ್ಕೆ ಸಹಿಯನ್ನು ಮಾತ್ರ ಬೇರೆಯವರಿಂದ ಹಾಕಿಸುತ್ತಿದ್ದರಂತೆ. ಅಲ್ಲಿಂದ ಮುಂದೆ ಅಪ್ಪನೇ ನನಗೆ ಕಥೆ ವಿವರಿಸಿದರು. ಯಾರು ಯಾರಿಗೆ ಕೈ ಕೊಡುತ್ತಾರೆ ಎಂಬುದನ್ನು ಎರಡು ದೃಶ್ಯ ಮೊದಲೇ ಹೇಳಿದರು, ಒಂದೂ ತಪ್ಪಲಿಲ್ಲ. ಕೊನೆಯಲ್ಲಿ ಹಿರೋನೋ ಗೆಳೆಯನ ಅಂತ್ಯಕ್ರಿಯೆಗೆ ಬಂದು ಹೂವು, ಹೆಸರಿನ ಫಲಕಗಳ ಮೇಲೆಲ್ಲ ಗುಂಡು ಹಾರಿಸುತ್ತಾನಲ್ಲ, ಆಗ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಎರಡನೆಯ ಭಾಗ ನಾಳೆಯೇ ಹಾಕು ಎಂದಿದ್ದಾರೆ.

ರೀಲು ಡಬ್ಬಿ
ಅಪ್ಪನಿಗೆ ನನ್ನ ನಮಸ್ಕಾರ ತಿಳಿಸಿ. ಒಂದು ಎಚ್ಚರಿಕೆ: ಎರಡನೆಯ ಭಾಗದಲ್ಲಿ ಹಿರೋನೋ ಬದಿಗೆ ಸರಿದಿರುತ್ತಾನೆ, ಅದು ಬೇರೊಬ್ಬ ಹುಡುಗನ ಕಥೆ. ಯಮಮೋರಿಯ ರಾಜಕೀಯ ಬೇಕಿದ್ದರೆ ಮೂರನೆಯ ಭಾಗ ‘ಪ್ರಾಕ್ಸಿ ವಾರ್’ ತಪ್ಪಿಸಬೇಡಿ. ಗುಂಡಿನ ಸದ್ದು ಕಡಿಮೆ, ಸಭೆಗಳು ಜಾಸ್ತಿ. ಸಂಘದ ಕಾರ್ಯದರ್ಶಿಗಳಿಗೆಂದೇ ತೆಗೆದ ಚಿತ್ರ.

ಹಳೇ ಟಾಕೀಸು
‘ಹಿಮ ಜಾಸ್ತಿ’. ಸರಿ. ಈ ಸುತ್ತು ಸೋತೆ.

ಅರ್ಧ ಟಿಕೆಟ್
ಎಲ್ಲ ಸರಿ, ಆ ಹಲ್ಲಿನ ಕಥೆ ಏನಾಯಿತು?

ಕೊನೆಯ ಬೆಂಚು
ಇನ್ನೂ ಹೋಗಿಲ್ಲ. ಲವಂಗ ಇಟ್ಟುಕೊಂಡು ನೋಡುತ್ತಿದ್ದಾರೆ.